ಬಾಲ ಸುತ್ತಿದೆ, ಕಿವಿ ನೆಟ್ಟಗಿದೆ: ಇಷ್ಟಕ್ಕೇ ಬಸೆಂಜಿ ಅನ್ನಬಹುದಾ?

ಕೆಂಚನ_ಕಾವಲು
ಆಶ್ರಯ ಕೇಂದ್ರದ ಚೀಟಿಯಲ್ಲಿ "ಬಸೆಂಜಿ ಮಿಶ್ರತಳಿ" ಅಂತ ಬರೆದಿರುವ ಗಂಡುನಾಯಿ. (ಬಸೆಂಜಿ ಅಂದರೆ ಆಫ್ರಿಕಾದ ಕಾಂಗೋ ಕಡೆಯ, ಬೊಗಳುವುದು ಕಡಿಮೆ ಇರುವ ಬೇಟೆನಾಯಿ ತಳಿ.) ವಯಸ್ಸು ಅಂದಾಜು 11 ತಿಂಗಳು, ತೂಕ 12.4 ಕೆ.ಜಿ., ಭುಜದ ಎತ್ತರ 45 ಸೆಂ.ಮೀ. ಮೈ ಕೆಂಚು, ನಾಲ್ಕೂ ಪಾದ ಮತ್ತು ಎದೆ ಬಿಳಿ, ಕಿವಿ ನೆಟ್ಟಗೆ, ಬಾಲ ಬೆನ್ನಿನ ಮೇಲೆ ಒಂದು ಸುತ್ತು. ಬೊಗಳುತ್ತದೆ, ಆದರೆ ಅಪರೂಪಕ್ಕೆ.
ಕೇಳಬೇಕಾದ್ದು ಮೂರು. ಇದರಲ್ಲಿ ಬಸೆಂಜಿ ರಕ್ತ ಇದೆಯೋ ಇಲ್ಲವೋ ಹೇಗೆ ತಿಳಿಯುವುದು? ಆ ತಳಿಗೆ ಬರುವ ಮೂತ್ರಪಿಂಡದ ಕಾಯಿಲೆ ಮಿಶ್ರತಳಿಗೂ ಬರುತ್ತದೆಯೇ? ಬೇಲಿ ಎಷ್ಟು ಎತ್ತರ ಬೇಕು?

ಮೌನಿಬಾಬಾ
ಕೆಂಚು, ಬಿಳಿ ಕಾಲುಚೀಲ, ಸುರುಳಿ ಬಾಲ, ಕಮ್ಮಿ ಬೊಗಳು. ಇನ್ನೇನು ಬೇಕು? ಬಸೆಂಜಿನೇ.

ಡೊಂಕುಬಾಲ
ಮೌನಿಯವರೇ, ಬೆಳ್ಳಗಿರುವುದೆಲ್ಲ ಹಾಲಲ್ಲ. ನೀವು ಹೇಳಿದ ನಾಲ್ಕೂ ಲಕ್ಷಣ ಜಪಾನಿನ ಶಿಬಾ ತಳಿಯಲ್ಲಿವೆ, ಕ್ಯಾರೊಲಿನಾ ನಾಯಿಯಲ್ಲಿ ಹೆಚ್ಚುಕಮ್ಮಿ ಇವೆ, ಯಾವ ತಳಿಗೂ ಸೇರದ ಊರುನಾಯಿಗಳಲ್ಲಂತೂ ಧಾರಾಳವಾಗಿವೆ. ಮನುಷ್ಯ ಆಯ್ದು ಬೆಳೆಸದೆ ತಮ್ಮಷ್ಟಕ್ಕೆ ಕೂಡಿಕೊಂಡು ಬಂದ ನಾಯಿಗಳು ಎಷ್ಟೋ ಕಡೆ ಇದೇ ಅಚ್ಚಿನಲ್ಲಿರುತ್ತವೆ: ಮಧ್ಯಮ ಗಾತ್ರ, ಗಿಡ್ಡ ಕೂದಲು, ಕೆಂಚು ಮೈ, ಮೇಲಕ್ಕೆ ಬಾಗಿದ ಬಾಲ. ಹೆಸರು ಗೊತ್ತಿಲ್ಲದ ಇಂಥ ನಾಯಿ ಬಂದಾಗ ಕೇಂದ್ರದವರು ಹತ್ತಿರದ ತಳಿಯ ಹೆಸರು ಬರೆದು ಕೈತೊಳೆದುಕೊಳ್ಳುತ್ತಾರೆ.

ಅಚ್ಚ ಬಸೆಂಜಿಯ ಅಳತೆ ಗೊತ್ತಿದ್ದರೆ ಹೋಲಿಸಲು ಸುಲಭ. ಗಂಡು ಸುಮಾರು 43 ಸೆಂ.ಮೀ., 11 ಕೆ.ಜಿ. ಹೆಣ್ಣು 40 ಸೆಂ.ಮೀ., ಒಂಬತ್ತೂವರೆಯಿಂದ ಹತ್ತು ಕೆ.ಜಿ. ಮುಖ್ಯವಾದದ್ದು ಚೌಕ. ಭುಜದ ತುದಿಯಿಂದ ನೆಲಕ್ಕೆ ಎಷ್ಟೋ, ಎದೆಯ ಮುಂಭಾಗದಿಂದ ಪೃಷ್ಠದ ಹಿಂಭಾಗಕ್ಕೂ ಹೆಚ್ಚುಕಮ್ಮಿ ಅಷ್ಟೇ. ನಾಯಿಯನ್ನು ಗಟ್ಟಿ ನೆಲದ ಮೇಲೆ ನೇರವಾಗಿ ನಿಲ್ಲಿಸಿ, ಭುಜದ ಮೇಲೆ ಅಡ್ಡಪಟ್ಟಿಯೋ ಪುಸ್ತಕವೋ ಇಟ್ಟು ಅಳೆಯಿರಿ. ಟೇಪನ್ನು ಮೈಗೆ ತಾಗಿಸಿ ಅಳೆದರೆ ಎರಡು ಮೂರು ಸೆಂ.ಮೀ. ಜಾಸ್ತಿ ಬರುತ್ತದೆ.

ಕಿವಿ ಬರೀ ನೆಟ್ಟಗಿದ್ದರೆ ಸಾಲದು. ಚಿಕ್ಕದಾಗಿ, ತಲೆಯ ಮೇಲೆ ತುಸು ಮುಂದಕ್ಕೆ ಕೂತು, ಮುಸುಕು ಹಾಕಿದ ಹಾಗೆ ಒಳಕ್ಕೆ ಬಾಗಿರಬೇಕು. ಆ ಕಿವಿ ನಿಮಿರಿದಾಗ ಹಣೆಯ ಮೇಲೆ ಸಣ್ಣ ಸಣ್ಣ ಸುಕ್ಕು ಒತ್ತಾಗಿ ಮೂಡುತ್ತವೆ. ಎರಡು ಗೆರೆ ಬಿದ್ದರೆ ಅದು ಸುಕ್ಕಲ್ಲ, ಯಾವ ನಾಯಿಗೂ ಬೀಳುತ್ತದೆ. ಮರಿಯಲ್ಲಿ ಸುಕ್ಕು ಹೆಚ್ಚು, ಕಪ್ಪು ಮೈಯಲ್ಲಿ ಇದ್ದರೂ ಕಾಣುವುದು ಕಡಿಮೆ. ಕಣ್ಣು ಬಾದಾಮಿ ಆಕಾರ, ಓರೆಯಾಗಿ ಕೂತಿರುತ್ತದೆ. ಮೂತಿ ತಲೆಬುರುಡೆಗಿಂತ ಸ್ವಲ್ಪ ಗಿಡ್ಡ. ಬಾಲದ ಬುಡ ತುಂಬಾ ಮೇಲೆ, ಸುರುಳಿ ಬಿಗಿಯಾಗಿ ಒಂದು ಪಕ್ಕದ ತೊಡೆಗೆ ಒತ್ತಿಕೊಂಡಿರುತ್ತದೆ. ಸಡಿಲವಾಗಿ ಕುಡುಗೋಲಿನ ಹಾಗೆ ಬಾಗಿ ನಿಂತರೆ ಬೇರೆ ರಕ್ತ ಸೇರಿದೆ ಅಂತಲೇ ಎಣಿಸಿ. "ನಾಯಿ ಬಾಲ ಡೊಂಕು" ಅನ್ನುವ ಗಾದೆ ಎಲ್ಲ ನಾಯಿಗೂ ಹೇಳಿದ್ದು, ಬಸೆಂಜಿಗೆ ಮಾತ್ರ ಅಲ್ಲ.

ಕೂದಲು ಮರೆಯಬೇಡಿ. ಬೆನ್ನಿನ ಕೂದಲನ್ನು ಹಿಮ್ಮುಖವಾಗಿ ಬೆರಳಲ್ಲಿ ತೀಡಿ ನೋಡಿ. ಅಡಿಯಲ್ಲಿ ಹತ್ತಿಯಂಥ ದಟ್ಟ ಪದರ ಸಿಕ್ಕರೆ ಶಿಬಾ ಅಥವಾ ಸ್ಪಿಟ್ಜ್ ಕಡೆಯ ಸಂಬಂಧ. ಬಸೆಂಜಿಯದು ಗಿಡ್ಡ, ನಯ, ಚರ್ಮಕ್ಕೆ ಅಂಟಿದ ಕೂದಲು.

ಕೆಂಚನ_ಕಾವಲು
ಅಳೆದಾಯಿತು. ಎತ್ತರ 45, ಉದ್ದ 50. ಬಾಲ ತೊಡೆಗೆ ತಾಗುವುದಿಲ್ಲ, ಬೆನ್ನಿನ ಮೇಲೆ ನಿಲ್ಲುತ್ತದೆ. ಹಣೆಯಲ್ಲಿ ಮೂರು ಗೆರೆ. ಅಡಿಕೂದಲು ಇಲ್ಲ.

ಡೊಂಕುಬಾಲ
ಹಾಗಾದರೆ ಅಚ್ಚ ಬಸೆಂಜಿ ಅಲ್ಲ, ಅಷ್ಟು ಧೈರ್ಯವಾಗಿ ಹೇಳಬಹುದು. ಮಿಶ್ರವೋ, ಸಂಬಂಧವೇ ಇಲ್ಲವೋ, ಅದನ್ನು ಕಣ್ಣು ಹೇಳದು.

ತಳಿಗಣಿತ
ಡಿಎನ್‌ಎ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ಫಲಿತಾಂಶ ಓದುವುದು ಕಲಿಯಿರಿ, ಏಕೆಂದರೆ ಎಡವುವುದು ಅಲ್ಲೇ.

ಮಾದರಿ ತೆಗೆಯುವ ಮುನ್ನ ಒಂದು ಗಂಟೆ ಊಟ, ತಿಂಡಿ, ಅಗಿಯುವ ಮೂಳೆ ಯಾವುದೂ ಬೇಡ. ಒಂದೇ ಬಟ್ಟಲಲ್ಲಿ ಉಣ್ಣುವ ಇನ್ನೊಂದು ನಾಯಿ ಇದ್ದರೆ ಎರಡನ್ನೂ ಬೇರೆ ಮಾಡಿ; ಜೊಲ್ಲು ಬೆರೆತರೆ ಫಲಿತಾಂಶ ಕೆಡುತ್ತದೆ. ಕಡ್ಡಿಯನ್ನು ಕೆನ್ನೆಯ ಒಳಪದರಕ್ಕೆ ಒತ್ತಿ 30 ಸೆಕೆಂಡು ಉರುಳಿಸಿ. ನಾಲಿಗೆಯ ಮೇಲಿನ ಜೊಲ್ಲಲ್ಲ, ಕೆನ್ನೆಯ ಜೀವಕೋಶ ಬೇಕು.

ಈಗ ಓದುವುದು. ತಾಯಿಯೋ ತಂದೆಯೋ ಅಚ್ಚ ಬಸೆಂಜಿಯಾಗಿದ್ದರೆ ಪಾಲು 50 ಶೇಕಡಾ ಆಸುಪಾಸು ಬರಬೇಕು. ಅಜ್ಜನೋ ಅಜ್ಜಿಯೋ ಆಗಿದ್ದರೆ 25ರ ಆಸುಪಾಸು, ಇಲ್ಲಿ ಏರಿಳಿತ ಹೆಚ್ಚು. 3 ಶೇಕಡಾ, 5 ಶೇಕಡಾ ಬಸೆಂಜಿ ಅಂತ ಬಂದರೆ ಅದನ್ನು ಹಿಡಿದು ಕುಣಿಯಬೇಡಿ. ಬಸೆಂಜಿ ನಾಯಿವಂಶವೃಕ್ಷದ ಬುಡದಲ್ಲೇ ಕವಲೊಡೆದ ತಳಿ. ಅದರ ಪೂರ್ಣ ಜೀನೋಮ್ ಪ್ರಕಟವಾದ 2021ರಲ್ಲೂ ಸಂಶೋಧಕರು ಅದನ್ನು ಆರಿಸಿಕೊಂಡದ್ದು ಆ ಕಾರಣಕ್ಕೇ. ಪರೀಕ್ಷೆಯವರ ಹೋಲಿಕೆಯ ಕೋಷ್ಟಕದಲ್ಲಿ ಇಲ್ಲದ ಊರುನಾಯಿಯ ಡಿಎನ್‌ಎ ತುಣುಕೊಂದು ಸಿಕ್ಕಾಗ ಯಂತ್ರ ಅದನ್ನು ಇಂಥ ಹಳೆಯ ತಳಿಯ ಖಾತೆಗೆ ಹಾಕಿಬಿಡಬಹುದು.

ಇನ್ನು ಎರಡನೇ ಪ್ರಶ್ನೆ. ಬಸೆಂಜಿಯ ಫ್ಯಾಂಕೋನಿ ಕಾಯಿಲೆ ಅಪ್ರಬಲ ಗುಣ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಕೆಟ್ಟ ಪ್ರತಿ ಎರಡು ಬಂದರೆ ಮಾತ್ರ ಕಾಯಿಲೆ. ಬಸೆಂಜಿಗೆ ಬೇರೆ ತಳಿ ಕೂಡಿ ಹುಟ್ಟಿದ ಮೊದಲ ತಲೆಮಾರಿನ ಮರಿ ಹೆಚ್ಚೆಂದರೆ ವಾಹಕ, ಅಂದರೆ ಕೆಟ್ಟ ಪ್ರತಿ ಒಂದೇ ಇದ್ದು ತಾನು ಕಾಯಿಲೆ ಬೀಳದ ನಾಯಿ. ಆ ಮರಿಯನ್ನು ಮತ್ತೆ ಬಸೆಂಜಿಗೇ ಕೂಡಿಸಿದರೆ ಲೆಕ್ಕ ಬದಲಾಗುತ್ತದೆ: ವಾಹಕಕ್ಕೆ ವಾಹಕ ಕೂಡಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಪೀಡಿತವಾಗುವ ಸಂಭವ. ಮಿಶ್ರತಳಿಗೆ ಕಾಯಿಲೆಯೇ ಬರಲ್ಲ ಅನ್ನುವವರು ಈ ಎರಡನೇ ಸಾಲನ್ನು ನುಂಗಿಬಿಡುತ್ತಾರೆ.

2007ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಿಂದ ಬಂದ ಮೊದಲ ಪರೀಕ್ಷೆ ಜೀನಿನ ಅಕ್ಕಪಕ್ಕದ ಗುರುತು ನೋಡಿ ಊಹಿಸುತ್ತಿತ್ತು, ಆದ್ದರಿಂದ ಅದರ ಉತ್ತರ "ಬಹುಶಃ ವಾಹಕ", "ಬಹುಶಃ ಮುಕ್ತ" ಅಂತ ಇರುತ್ತಿತ್ತು. 2011ರಿಂದ ನೇರ ಪರೀಕ್ಷೆ ಇದೆ. ವಂಶಾವಳಿ ಕಾಗದದಲ್ಲಿ "ಬಹುಶಃ" ಅಂತ ಕಂಡರೆ ಹಳೆಯ ಪರೀಕ್ಷೆ ಎಂದು ತಿಳಿದು, ಮುಂದೆ ಮರಿ ಮಾಡಿಸುವ ಯೋಚನೆ ಇದ್ದರೆ ಹೊಸದನ್ನೇ ಮಾಡಿಸಿ.

ಮೌನಿಬಾಬಾ
ಬೊಗಳದಿರುವುದು? ಅದಕ್ಕೆ ಬೆಲೆಯೇ ಇಲ್ವಾ?

ತಳಿಗಣಿತ
ಇದೆ, ಆದರೆ ನೀವು ಅಂದುಕೊಂಡ ದಿಕ್ಕಿನಲ್ಲಿ ಅಲ್ಲ. ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಬಸೆಂಜಿಗೂ ಕಾಕರ್ ಸ್ಪ್ಯಾನಿಯಲ್‌ಗೂ ಮರಿ ಮಾಡಿಸಿ ತಲೆಮಾರುಗಟ್ಟಲೆ ನೋಡಿದರು. ಬೇಗ ಬೊಗಳುವ ಗುಣ ಮೊದಲ ತಲೆಮಾರಿನಲ್ಲೇ ಮೇಲುಗೈ ಪಡೆಯಿತು. ಅಂದರೆ ಅರ್ಧ ಬಸೆಂಜಿ ಆಗಿದ್ದರೂ ನಾಯಿ ಚೆನ್ನಾಗಿಯೇ ಬೊಗಳಬಹುದು. ಬೊಗಳದ ನಾಯಿ ಬರೀ ಸಂಕೋಚದ್ದೂ ಆಗಿರಬಹುದು. ಹೊಸ ಮನೆಗೆ ಬಂದ ನಾಯಿ ಮೊದಲ ಕೆಲವು ವಾರ ಸುಮ್ಮನಿರುವುದು ಸಾಮಾನ್ಯ.

ಅದೇ ಪ್ರಯೋಗದಿಂದ ಇನ್ನೊಂದು ಗೊತ್ತಾಯಿತು. ಬಸೆಂಜಿ ಹೆಣ್ಣು ವರ್ಷಕ್ಕೆ ಒಂದೇ ಸಲ ಬೆದೆಗೆ ಬರುತ್ತದೆ, ಬಹುಪಾಲು ಹಗಲು ಗಿಡ್ಡವಾಗುವ ಕಾಲದಲ್ಲಿ. ಈ ವಾರ್ಷಿಕ ಚಕ್ರವೂ ಅಪ್ರಬಲ ಗುಣ. ಹಾಗಾಗಿ ಮಿಶ್ರತಳಿಯ ಹೆಣ್ಣು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬಂದರೆ ಬಸೆಂಜಿ ರಕ್ತ ಇಲ್ಲ ಅಂತಲ್ಲ.

ಡೊಂಕುಬಾಲ
ಮತ್ತೆ, ಬಸೆಂಜಿ ಮೂಗ ಅಲ್ಲ! ಅದರ ಧ್ವನಿಪೆಟ್ಟಿಗೆಯ ಪಕ್ಕದ ಚೀಲ ಆಳವಿಲ್ಲ, ಅದಕ್ಕೇ ಬೊಗಳಿನ ಬದಲು ಸ್ವರ ಏರಿಸಿ ಇಳಿಸುವ ರಾಗ ಹೊರಡುತ್ತದೆ. ಗುರುಗುಟ್ಟುತ್ತದೆ, ಊಳಿಡುತ್ತದೆ, ಕೆಲವೊಮ್ಮೆ "ವುಫ್" ಅಂತ ಒಂದೇ ಒಂದು ಸಲ. ಒಂಟಿಯಾಗಿ ಬಿಟ್ಟಾಗ ಕಿರುಚುವುದನ್ನು ಕೇಳಿದವರು ಮನೆಯಲ್ಲಿ ಯಾರಿಗೋ ಏನೋ ಆಯಿತು ಅಂತ ಓಡಿಬರುತ್ತಾರೆ. ಮೌನದ ಆಸೆಗೆ ಬಸೆಂಜಿ ತರುವವರಿಗೆ ಇದನ್ನು ಮೊದಲೇ ಹೇಳಬೇಕು.

ಪ್ರಾಣಿವೈದ್ಯೆ
ಫ್ಯಾಂಕೋನಿ ಬಗ್ಗೆ ಬಿಡಿಸಿ ಹೇಳುತ್ತೇನೆ, ಅರ್ಧ ತಿಳಿದು ಮನೆಯಲ್ಲಿ ಸೋಡಾ ಪುಡಿ ತಿನ್ನಿಸುವವರೂ ಇದ್ದಾರೆ.

ಆರೋಗ್ಯವಾಗಿರುವ ಮೂತ್ರಪಿಂಡ ಸೋಸಿದ ದ್ರವದಿಂದ ಸಕ್ಕರೆ, ಅಮೈನೊ ಆಮ್ಲ, ಬೈಕಾರ್ಬನೇಟ್, ಪೊಟ್ಯಾಸಿಯಂ, ಫಾಸ್ಫೇಟ್‌ಗಳನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ನಳಿಕೆಯ ಮೊದಲ ಭಾಗ ಆ ಕೆಲಸ ಬಿಡುತ್ತದೆ, ಎಲ್ಲ ಮೂತ್ರದಲ್ಲಿ ಸೋರಿಹೋಗುತ್ತದೆ. ಬೈಕಾರ್ಬನೇಟ್ ಹೋದಂತೆ ರಕ್ತ ಆಮ್ಲದ ಕಡೆಗೆ ವಾಲುತ್ತದೆ, ಸ್ನಾಯು ಕರಗುತ್ತದೆ. ಶುರುವಾಗುವುದು ಸಾಮಾನ್ಯವಾಗಿ 4ರಿಂದ 8 ವರ್ಷದ ನಡುವೆ. ಮೊದಲು ಕಾಣುವುದು ಬಾಯಾರಿಕೆ, ಪದೇಪದೇ ಮೂತ್ರ, ಚೆನ್ನಾಗಿ ತಿಂದರೂ ಇಳಿಯುವ ತೂಕ.

ನೀರಿನ ಲೆಕ್ಕ ಇಟ್ಟುಕೊಳ್ಳಿ. ಕೆ.ಜಿ.ಗೆ ದಿನಕ್ಕೆ 50ರಿಂದ 60 ಮಿ.ಲೀ. ಸಹಜ, 100 ದಾಟಿದರೆ ಕಾರಣ ಹುಡುಕಲೇಬೇಕು. ಮೇಲಿನ 12.4 ಕೆ.ಜಿ. ನಾಯಿಗೆ 620ರಿಂದ 740 ಮಿ.ಲೀ. ಸರಿ, ಒಂದೂಕಾಲು ಲೀಟರು ತಪ್ಪು. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಮೂರು ದಿನದ ಸರಾಸರಿ ನೋಡಿ. ಒಣ ಆಹಾರದಿಂದ ಹಸಿ ಆಹಾರಕ್ಕೆ ಬದಲಾದ ವಾರ ಈ ಲೆಕ್ಕ ನಂಬಬೇಡಿ.

ಡಿಎನ್‌ಎ ಪರೀಕ್ಷೆಯಲ್ಲಿ "ಪೀಡಿತ" ಎಂದು ಬಂದ ನಾಯಿಗೆ, ಮತ್ತು ಪರೀಕ್ಷೆಯೇ ಆಗದ ಬಸೆಂಜಿಗೆ, 3 ವರ್ಷ ತುಂಬಿದಲ್ಲಿಂದ ತಿಂಗಳಿಗೊಮ್ಮೆ ಮೂತ್ರದ ಸಕ್ಕರೆಯನ್ನು ಪಟ್ಟಿಯಲ್ಲಿ ನೋಡಿ. ಮನುಷ್ಯರ ಸಕ್ಕರೆ ಕಾಯಿಲೆಗೆ ಬಳಸುವ ಮೂತ್ರಪಟ್ಟಿಯೇ ಸಾಕು. ಉದ್ದ ಹಿಡಿಯ ಶುಭ್ರ ಸೌಟಿನಲ್ಲಿ ಬೆಳಗಿನ ಮೂತ್ರವನ್ನು ಮಧ್ಯಧಾರೆಯಿಂದ ಹಿಡಿಯಿರಿ. ಪಟ್ಟಿಯನ್ನು ಅದ್ದಿ ತಕ್ಷಣ ತೆಗೆದು, ಅಂಚನ್ನು ತಟ್ಟಿ ಹೆಚ್ಚಿನ ಹನಿ ಉದುರಿಸಿ. ಡಬ್ಬಿಯ ಮೇಲೆ ಎಷ್ಟು ಸೆಕೆಂಡು ಅಂತ ಬರೆದಿದೆಯೋ ಅಷ್ಟಕ್ಕೇ ಬಣ್ಣ ಓದಬೇಕು. ಹೆಚ್ಚಿನ ಪಟ್ಟಿಗಳಲ್ಲಿ ಸಕ್ಕರೆಗೆ 30 ಸೆಕೆಂಡು. ಐದು ನಿಮಿಷ ಬಿಟ್ಟು ಬಂದು "ಹಸಿರಾಗಿದೆ" ಅಂದರೆ ಅದಕ್ಕೆ ಅರ್ಥವಿಲ್ಲ.

ಬೇಲಿಪುರಾಣ
ಫ್ರಿಜ್ಜಿನಲ್ಲಿಟ್ಟ ಮೂತ್ರ ನಡೆಯುತ್ತಾ ಡಾಕ್ಟರೇ?

ಪ್ರಾಣಿವೈದ್ಯೆ
ತಣ್ಣಗಿದ್ದಾಗ ಪಟ್ಟಿಯಲ್ಲಿನ ಕಿಣ್ವ ನಿಧಾನವಾಗಿ ಕೆಲಸ ಮಾಡುತ್ತದೆ, ಸಕ್ಕರೆ ಇದ್ದರೂ ಕಡಿಮೆ ತೋರಿಸುತ್ತದೆ. ಕೋಣೆಯ ಬಿಸಿಗೆ ಬರಲಿ, ಆಮೇಲೆ ಅದ್ದಿ. ನಾಯಿಗೆ ಸಿ ಜೀವಸತ್ವದ ಮಾತ್ರೆ ಕೊಡುತ್ತಿದ್ದರೂ ಸಕ್ಕರೆ ಮರೆಯಾಗಬಹುದು. ತಿರುವುಮುರುವು ತಪ್ಪೂ ಇದೆ: ಬ್ಲೀಚಿನಲ್ಲಿ ತೊಳೆದ ಪಾತ್ರೆಯಲ್ಲಿ ಹಿಡಿದರೆ ಸಕ್ಕರೆ ಇಲ್ಲದಿದ್ದರೂ ಬಣ್ಣ ಬರುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವಕ್ಕೆ ಪಟ್ಟಿ ಹಾಳು. ಒಳಗಿನ ತೇವ ಹೀರುವ ಪೊಟ್ಟಣವನ್ನು ಎಸೆಯಬೇಡಿ.

ಪಟ್ಟಿಯಲ್ಲಿ ಬಣ್ಣ ಬಂತು ಅನ್ನಿ. ಎರಡು ದಿನ ಬಿಟ್ಟು ಮತ್ತೆ ನೋಡಿ. ಮತ್ತೆ ಬಂದರೆ ರಕ್ತದ ಸಕ್ಕರೆ. ನಾಯಿಯ ರಕ್ತದಲ್ಲಿ ಸಕ್ಕರೆ 100 ಮಿ.ಲೀ.ಗೆ 180ರಿಂದ 220 ಮಿ.ಗ್ರಾಂ. ದಾಟಿದಾಗ ಮಾತ್ರ ಮೂತ್ರಕ್ಕೆ ಇಳಿಯಬೇಕು. ರಕ್ತದಲ್ಲಿ 95, ಮೂತ್ರದಲ್ಲಿ ಧಾರಾಳ ಎಂದಾದರೆ ಸೋರುತ್ತಿರುವುದು ಮೂತ್ರಪಿಂಡ, ಮಧುಮೇಹವಲ್ಲ. ಇದನ್ನು ನೋಡದೆ ಇನ್ಸುಲಿನ್ ಚುಚ್ಚಿದರೆ ನಾಯಿ ರಕ್ತದ ಸಕ್ಕರೆ ಕುಸಿದು ಸಾಯಬಹುದು. ಬಸೆಂಜಿ ನೋಡದ ವೈದ್ಯರ ಬಳಿ ಹೋಗುವಾಗ ಈ ಒಂದು ಮಾತನ್ನು ನೀವೇ ನೆನಪಿಸಿ.

ಆಮೇಲೆ ರಕ್ತದ ಅನಿಲ ಪರೀಕ್ಷೆ, ಪೊಟ್ಯಾಸಿಯಂ, ಫಾಸ್ಫರಸ್, ಮೂತ್ರದ ಅಮೈನೊ ಆಮ್ಲ. ಇಲಿಜ್ವರ, ಜೆಂಟಮೈಸಿನ್ ಔಷಧ, ಒಣಮಾಂಸದ ಕೆಲವು ತಿನಿಸುಗಳಿಂದಲೂ ಇದೇ ಚಿತ್ರ ಬರುತ್ತದೆ. ಅದು ಯಾವ ತಳಿಗೂ ಬರಬಹುದು, ಕಾರಣ ತೆಗೆದರೆ ಎಷ್ಟೋ ಸಲ ಇಳಿಯುತ್ತದೆ. ಹಾಗಾಗಿ ಬಸೆಂಜಿ ಅಂದಾಕ್ಷಣ ವಂಶದ ಕಾಯಿಲೆ ಎಂದು ಷರಾ ಬರೆಯುವುದೂ ತಪ್ಪೇ.

ಚಿಕಿತ್ಸೆಯನ್ನು ಬಸೆಂಜಿ ವಲಯದಲ್ಲಿ ಗೊಂಟೋ ಕ್ರಮ ಅಂತ ಕರೆಯುತ್ತಾರೆ. ತಿರುಳು ಇಷ್ಟೇ: ಸೋರಿದ್ದನ್ನು ತುಂಬುವುದು. ಬೈಕಾರ್ಬನೇಟ್ ಮಾತ್ರೆ, ಬೇಕಾದಲ್ಲಿ ಪೊಟ್ಯಾಸಿಯಂ, ಜೀವಸತ್ವ, ಖನಿಜ. ಪ್ರಮಾಣ ನಿರ್ಧರಿಸುವುದು ರಕ್ತದ ಅನಿಲ ಪರೀಕ್ಷೆ, ನಾಯಿಯ ತೂಕ ಒಂದೇ ಅಲ್ಲ. ಮಾತ್ರೆ ಶುರುವಾದ ಮೇಲೆ ಮತ್ತೆ ಪರೀಕ್ಷಿಸಿ ಏರಿಸಿ ಇಳಿಸಬೇಕು. ಪುಡಿಯನ್ನು ಕಣ್ಣಂದಾಜಿಗೆ ಕೊಟ್ಟರೆ ರಕ್ತ ಕ್ಷಾರದ ಕಡೆ ಹೋಗುತ್ತದೆ, ಸೋಡಿಯಂ ಏರುತ್ತದೆ. ಇನ್ನೊಂದು: ಮನೆಯಲ್ಲಿ ಮೂತ್ರ ಮಾಡುತ್ತದೆಂದು ನೀರಿನ ಬಟ್ಟಲು ಎತ್ತಿಡುವುದು ಈ ನಾಯಿಗೆ ಮಾಡಬಹುದಾದ ಅತಿ ದೊಡ್ಡ ಅಪಕಾರ.

ಪರಿಸ್ಥಿತಿ ನಿರಾಶಾದಾಯಕವೇನಲ್ಲ. 2004ರಲ್ಲಿ ಪ್ರಕಟವಾದ, 60 ನಾಯಿಗಳನ್ನು ನೋಡಿದ ಅಧ್ಯಯನದಲ್ಲಿ ಕಾಯಿಲೆ ಪತ್ತೆಯಾದ ನಂತರ ಬದುಕಿದ ಮಧ್ಯಕ ಅವಧಿ 5.25 ವರ್ಷ. ಅವುಗಳಲ್ಲಿ ಎರಡು ಬಿಟ್ಟು ಉಳಿದವೆಲ್ಲ ಬಸೆಂಜಿಗಳೇ.

ನಾಲ್ಕುಕಾಲು
ಥೈರಾಯ್ಡ್ ಕೂಡ ಸೇರಿಸಿ ಮೇಡಂ. ಬಸೆಂಜಿಯ ರಕ್ತದಲ್ಲಿ ಟಿ4 ಅನ್ನುವ ಥೈರಾಯ್ಡ್ ಹಾರ್ಮೋನು ಕಮ್ಮಿ ಬಂದರೆ ಮಾತ್ರೆ ಶುರು ಮಾಡಿ ಅಂತ ಎಲ್ಲ ಕಡೆ ಹೇಳುತ್ತಾರೆ.

ಪ್ರಾಣಿವೈದ್ಯೆ
ಅಲ್ಲೇ ಎಚ್ಚರ ಬೇಕು. ಆರೋಗ್ಯವಾಗಿರುವ ಬಸೆಂಜಿಯ ಒಟ್ಟು ಟಿ4 ಮಟ್ಟವೇ ಸಾಮಾನ್ಯ ನಾಯಿಗಿಂತ ಕೆಳಗಿರುತ್ತದೆ, ಬೇಟೆನಾಯಿಗಳಲ್ಲಿ ಗ್ರೇಹೌಂಡ್‌ಗೆ ಇರುವ ಹಾಗೆ. ಪ್ರಯೋಗಾಲಯದ ಕಾಗದದಲ್ಲಿ ಕೆಂಪು ಗುರುತು ಬಿದ್ದ ಮಾತ್ರಕ್ಕೆ ಕಾಯಿಲೆಯಲ್ಲ. ಮುಕ್ತ ಟಿ4, ಟಿಎಸ್‌ಎಚ್, ಥೈರೋಗ್ಲೋಬ್ಯುಲಿನ್ ಪ್ರತಿಕಾಯ ನೋಡಿ. ಮೈ ಭಾರವಾಗುವುದು, ಎರಡೂ ಪಕ್ಕದಲ್ಲಿ ಸಮವಾಗಿ ಕೂದಲುದುರುವುದು, ಮಂಕುತನ, ಇವೂ ಜೊತೆಗಿದ್ದರೆ ಮಾತ್ರ ಮಾತ್ರೆಯ ಮಾತು. ನಿಜವಾದ ಥೈರಾಯ್ಡ್ ಕೊರತೆ ಈ ತಳಿಯಲ್ಲಿ ಇದೆ, ಇಲ್ಲವೆನ್ನುತ್ತಿಲ್ಲ.

ಉಳಿದ ವಂಶದ ಕಾಯಿಲೆಗಳನ್ನು ಚುಟುಕಾಗಿ: ಪೈರುವೇಟ್ ಕೈನೇಸ್ ಕೊರತೆಯಲ್ಲಿ ಕೆಂಪು ರಕ್ತಕಣ ಬೇಗ ಒಡೆಯುತ್ತದೆ, ಎಳೆಯ ನಾಯಿಯೇ ಏದುಸಿರು ಬಿಡುತ್ತದೆ, ವಸಡು ಬಿಳಿಚುತ್ತದೆ. ಅಪ್ರಬಲ ಗುಣ, ಡಿಎನ್‌ಎ ಪರೀಕ್ಷೆ ಇದೆ. ಅಕ್ಷಿಪಟ ಸವೆಯುವ ಕಾಯಿಲೆಯಲ್ಲಿ ಮೊದಲು ಮಬ್ಬುಗತ್ತಲಲ್ಲಿ ಎಡವುತ್ತದೆ. ಅದರ ಒಂದು ಬಗೆಗೆ ಪರೀಕ್ಷೆ ಇದೆ, ಎಲ್ಲ ಬಗೆಗೂ ಇಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಕಣ್ಣು ತೋರಿಸುವುದು ತಪ್ಪುವುದಿಲ್ಲ. ಮರಿಯ ಕಣ್ಣಪಾಪೆಗೆ ಅಡ್ಡಲಾಗಿ ಎಳೆ ಎಳೆ ಕಂಡರೆ ಹೆದರಬೇಡಿ, ಭ್ರೂಣಾವಸ್ಥೆಯ ಪೊರೆ ಉಳಿದದ್ದು; ಬಹುತೇಕ ದೃಷ್ಟಿಗೆ ತೊಂದರೆ ಇಲ್ಲ. ಹೊಕ್ಕುಳದ ಹರ್ನಿಯಾವೂ ಈ ತಳಿಯಲ್ಲಿ ಸಾಮಾನ್ಯ. ನಿಲ್ಲದ ಭೇದಿ, ಇಳಿಯುವ ತೂಕ, ರಕ್ತದ ಪ್ರೋಟೀನುಗಳಲ್ಲಿ ಆಲ್ಬುಮಿನ್ ಕಡಿಮೆ ಗ್ಲೋಬ್ಯುಲಿನ್ ಹೆಚ್ಚು ಅಂತ ಬಂದರೆ ಸಣ್ಣಕರುಳಿನ ರೋಗನಿರೋಧ ಸಂಬಂಧದ ಕಾಯಿಲೆಯನ್ನು ಶಂಕಿಸಬೇಕು. ಬರೀ ಜಂತುಮಾತ್ರೆ ಕೊಟ್ಟು ಕಾಲ ಕಳೆಯಬಾರದು.

ಬೇಲಿಪುರಾಣ
ಕಾಯಿಲೆ ಆಮೇಲೆ ಸ್ವಾಮಿ, ಮೊದಲು ನಾಯಿ ಮನೆಯಲ್ಲಿ ಉಳಿಯಬೇಕಲ್ಲ! ಮೂರನೇ ಪ್ರಶ್ನೆಗೆ ಯಾರೂ ಕೈಹಾಕಿಲ್ಲ.

ಎತ್ತರ 1.8 ಮೀಟರು. ಅಷ್ಟೇ ಅಂದುಕೊಂಡು ಸುಮ್ಮನಾಗಬೇಡಿ. ಬಸೆಂಜಿ ಹಾರುವುದಕ್ಕಿಂತ ಹತ್ತುವುದು ಹೆಚ್ಚು. ವಜ್ರಾಕಾರದ ಕಣ್ಣಿನ ತಂತಿಜಾಲರಿ ಅದಕ್ಕೆ ಏಣಿ. ಪಂಜ ಸಿಕ್ಕಿಸಿಕೊಂಡು ಬೆಕ್ಕಿನಂತೆ ಮೇಲಕ್ಕೆ ಹೋಗುತ್ತದೆ. ನಯವಾದ ಹಲಗೆ ಅಥವಾ ತಗಡು ಒಳಮುಖವಾಗಿರಲಿ, ಅಡ್ಡಪಟ್ಟಿ ಹೊರಗಡೆ ಇರಲಿ. ಜಾಲರಿಯೇ ಇದ್ದರೆ ತುದಿಯಲ್ಲಿ 45 ಸೆಂ.ಮೀ. ಜಾಲರಿಯನ್ನು ಒಳಕ್ಕೆ 45 ಡಿಗ್ರಿ ಬಾಗಿಸಿ ಕಟ್ಟಿ. ಇಲ್ಲದಿದ್ದರೆ ತುದಿಯುದ್ದಕ್ಕೂ ಉರುಳುವ ಕೊಳವೆ ಕೂರಿಸಿ, ಪಂಜ ಇಟ್ಟರೆ ಜಾರುವಂತೆ.

ಬುಡದಲ್ಲಿ ತೋಡುವುದನ್ನು ತಡೆಯಲು ಜಾಲರಿಯನ್ನು ನೇರ ಕೆಳಕ್ಕೆ ಹೂಳುವುದಕ್ಕಿಂತ ಎಲ್ ಆಕಾರಕ್ಕೆ ಬಗ್ಗಿಸಿ 45 ಸೆಂ.ಮೀ. ಒಳಮುಖವಾಗಿ ಮಲಗಿಸಿ, ಮೇಲೆ ಮಣ್ಣು ಕಲ್ಲು ಹಾಕುವುದು ಸುಲಭ. ನಾಯಿ ತೋಡುವುದು ಬೇಲಿಯ ಬುಡದಲ್ಲೇ, ಜಾಲರಿಯ ಮೇಲೆಯೇ ನಿಂತಿರುತ್ತದೆ, ತಲೆಗೆ ಹೊಳೆಯುವುದಿಲ್ಲ. ಎಲ್ಲ ಮಾಡಿ ಬೇಲಿ ಪಕ್ಕ ಸೌದೆ ರಾಶಿ, ತೊಟ್ಟಿ, ಮರದ ಕೊಂಬೆ ಬಿಟ್ಟರೆ ಮೆಟ್ಟಿಲು ನೀವೇ ಕೊಟ್ಟ ಹಾಗೆ. ಬೇಲಿಯಿಂದ ಒಂದೂವರೆ ಮೀಟರು ಖಾಲಿ ಇರಲಿ.

ನೆಲದಡಿ ತಂತಿ ಹೂತು ಕತ್ತಿನ ಪಟ್ಟಿಯಲ್ಲಿ ಶಾಕ್ ಕೊಡುವ ಕಾಣದ ಬೇಲಿ ಈ ನಾಯಿಗೆ ಸಲ್ಲದು. ಅಳಿಲು ಕಂಡರೆ ಶಾಕನ್ನೂ ದಾಟಿ ಓಡುತ್ತದೆ. ಬೇಟೆ ಮುಗಿದ ಮೇಲೆ ವಾಪಸ್ ಬರಲು ಅದೇ ಶಾಕ್ ಅಡ್ಡ, ಹೊರಗೇ ನಿಲ್ಲುತ್ತದೆ.

ಬಾಗಿಲೂ ಬೇಲಿಯೇ. ಮುಂಬಾಗಿಲ ಒಳಗೆ ಇನ್ನೊಂದು ಗೇಟು ಹಾಕಿ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವ ಅಭ್ಯಾಸ ಮನೆಯವರಿಗೆಲ್ಲ ಬರಲಿ. ನಾಯಿಗೆ ಕಲಿಸುವುದಕ್ಕಿಂತ ಅದೇ ಕಷ್ಟ.

ನಾಲ್ಕುಕಾಲು
ಕತ್ತಿನ ಬೆಲ್ಟಿನ ವಿಷಯ ಬಿಟ್ಟಿರಿ. ಬಸೆಂಜಿಯ ತಲೆ ಸಣ್ಣ, ಕತ್ತು ದಪ್ಪ. ಬಕಲ್ ಬೆಲ್ಟು ಎಷ್ಟು ಬಿಗಿದರೂ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಳ್ಳುತ್ತದೆ. ಎಳೆದಾಗ ಮಾತ್ರ ಬಿಗಿಯುವ ಮಾರ್ಟಿಂಗೇಲ್ ಬೆಲ್ಟ್ ಹಾಕಿ. ಪೂರ್ತಿ ಬಿಗಿದಾಗಲೂ ಎರಡು ಉಂಗುರಗಳ ನಡುವೆ ಎರಡು ಬೆರಳಿನ ಅಂತರ ಉಳಿಯಬೇಕು. ಉಂಗುರಗಳು ಕೂಡಿಬಿಟ್ಟರೆ ಬೆಲ್ಟ್ ದೊಡ್ಡದು, ಕಳಚುತ್ತದೆ. ಮನೆಯೊಳಗೆ, ಬೋನಿನೊಳಗೆ ಇದನ್ನು ತೆಗೆದಿಡಿ. ಉಂಗುರ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ.

ಕರೆದಾಗ ಬರುವುದು: 10 ಮೀಟರ್ ಹಗ್ಗ, ಅದೂ ಬೆಲ್ಟಿಗಲ್ಲ, ಎದೆಪಟ್ಟಿಗೆ. ಓಟದ ಕೊನೆಯಲ್ಲಿ ಕತ್ತಿಗೆ ಜಗ್ಗಿದರೆ ಕತ್ತೆಲುಬಿಗೆ ಪೆಟ್ಟು. ಬೇರೆ ಯಾವುದಕ್ಕೂ ಬಳಸದ ಒಂದು ಶಬ್ದ ಆರಿಸಿ, ಸೀಟಿ ಒಳ್ಳೆಯದು. ಮೊದಲ ವಾರ ನಾಯಿ ಪಕ್ಕದಲ್ಲಿದ್ದಾಗಲೇ ಊದಿ, ತಕ್ಷಣ ತಿಂಡಿ. ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತು. ಎರಡನೇ ವಾರ ಇನ್ನೊಂದು ಕೋಣೆಯಿಂದ. ಮೂರನೆಯದರಲ್ಲಿ ಹಗ್ಗದೊಂದಿಗೆ ಹೊರಗೆ, ನಾಯಿ ನಿಮ್ಮ ಕಡೆ ತಿರುಗುವ ಲಕ್ಷಣ ಕಂಡಾಗ ಮಾತ್ರ. ಅಳಿಲಿನ ಹಿಂದೆ ಓಡುತ್ತಿರುವಾಗ ಊದಿದರೆ ಸೀಟಿಗೆ ಬೆಲೆ ಇಲ್ಲ ಅಂತ ನಾಯಿಗೆ ನೀವೇ ಪಾಠ ಹೇಳಿದಂತೆ. ಇಷ್ಟೆಲ್ಲ ಕಲಿತ ನಾಯಿಯನ್ನೂ ಬೇಲಿ ಇಲ್ಲದ ಜಾಗದಲ್ಲಿ ಹಗ್ಗ ಬಿಚ್ಚಿ ಬಿಡಬೇಡಿ.

ಪಾಠ ಒಂದೊಂದೂ ಮೂರರಿಂದ ಐದು ನಿಮಿಷ. ಅದೇ ಆಜ್ಞೆಯನ್ನು ಹದಿನೈದು ಸಲ ಹೇಳಿಸಿದರೆ ಬೆನ್ನು ತಿರುಗಿಸಿ ಮಲಗುತ್ತದೆ. ದಡ್ಡತನವಲ್ಲ, ಲಾಭವಿಲ್ಲದ ವ್ಯಾಪಾರ ಬೇಡ ಅನ್ನುವ ಲೆಕ್ಕಾಚಾರ. ಹೊಡೆದರೆ ನಂಬಿಕೆ ಹೋಗುತ್ತದೆ, ಮತ್ತೆ ಬರುವುದು ತಡ.

ಬೇಲಿಪುರಾಣ
ಈ ಗುಣ ಎಲ್ಲಿಂದ ಬಂತು ಅಂತ ನೋಡಿದರೆ ಸಿಟ್ಟು ಬರಲ್ಲ. ಕಾಂಗೋ ಕಾಡಿನಲ್ಲಿ ಬೇಟೆಯನ್ನು ಬಲೆಯ ಕಡೆಗೆ ಅಟ್ಟುವುದು ಇದರ ಕೆಲಸ, ಎಲ್ಲಿದೆ ಎಂದು ತಿಳಿಯಲು ಕತ್ತಿಗೆ ಮರದ ಗಂಟೆ ಕಟ್ಟುತ್ತಿದ್ದರು. ಮನುಷ್ಯನ ಕಣ್ಣಿಗೆ ಬೀಳದಷ್ಟು ದೂರದಲ್ಲಿ ತಾನೇ ನಿರ್ಧಾರ ಮಾಡುತ್ತಿದ್ದ ನಾಯಿಗೆ "ಕೂರು" ಅಂದರೆ ಯಾಕೆ ಅಂತ ಕೇಳುತ್ತದೆ.

ಮೌನಿಬಾಬಾ
ಪಿರಮಿಡ್ಡಿನ ಚಿತ್ರದಲ್ಲೂ ಇದೇ ನಾಯಿ ಅಂತಾರಲ್ಲ?

ಡೊಂಕುಬಾಲ
ಸುರುಳಿ ಬಾಲದ ನಾಯಿಗಳ ಚಿತ್ರ ಇರುವುದು ನಿಜ. ಆದರೆ ಆಗಲೇ ಹೇಳಿದೆನಲ್ಲ, ಸುರುಳಿ ಬಾಲ ಕಂಡಲ್ಲೆಲ್ಲ ಬಸೆಂಜಿ ಅನ್ನಬಾರದು! ತಳಿಯಾಗಿ ದಾಖಲೆ ಸಿಗುವುದು ಇತ್ತೀಚೆಗೆ. 1895ರಲ್ಲಿ ಇಂಗ್ಲೆಂಡಿಗೆ ತಂದವು ಡಿಸ್ಟೆಂಪರ್ ಎಂಬ ನಾಯಿಗಳ ಸಾಂಕ್ರಾಮಿಕ ರೋಗದಿಂದ ಸತ್ತವು. 1930ರ ದಶಕದಲ್ಲಿ ಮತ್ತೆ ತಂದು, 1937ರಲ್ಲಿ ಕ್ರಫ್ಟ್ಸ್ ಪ್ರದರ್ಶನದಲ್ಲಿ ನಿಲ್ಲಿಸಿದರು. ಅಮೆರಿಕನ್ ಕೆನಲ್ ಕ್ಲಬ್ ಒಪ್ಪಿಕೊಂಡದ್ದು 1943ರಲ್ಲಿ. ಆಫ್ರಿಕಾದ ಹೊರಗಿನ ಬಸೆಂಜಿಗಳು ಹೀಗೆ ಬೆರಳೆಣಿಕೆಯ ನಾಯಿಗಳಿಂದ ಬಂದವು, ಮೇಲೆ ಡಾಕ್ಟರು ಹೇಳಿದ ವಂಶರೋಗಗಳು ದಟ್ಟವಾಗಿರುವುದಕ್ಕೆ ಅದೂ ಕಾರಣ. 1987-88ರಲ್ಲಿ ಅಂದಿನ ಜೈರೆಗೆ (ಇಂದಿನ ಕಾಂಗೋ) ಹೋಗಿ ಹೊಸ ನಾಯಿಗಳನ್ನು ತಂದರು, 1990ರಲ್ಲಿ ಅವುಗಳಿಗೆ ವಂಶಾವಳಿ ಪುಸ್ತಕ ತೆರೆದರು. ಹುಲಿಪಟ್ಟೆಯ ಬಣ್ಣ ಅಮೆರಿಕದ ಪುಸ್ತಕಕ್ಕೆ ಬಂದದ್ದು ಆ ಮೂಲಕ.

ಕೆಂಚನ_ಕಾವಲು
ಊಟ ಎಷ್ಟು ಕೊಡಲಿ? ಬಟ್ಟಲು ಖಾಲಿ ಮಾಡಿ ಮತ್ತೆ ಕೇಳುತ್ತದೆ.

ಪ್ರಾಣಿವೈದ್ಯೆ
ಕೇಳುವುದು ಅದರ ಧರ್ಮ, ಕೊಡದಿರುವುದು ನಿಮ್ಮದು. ತೂಕದ 0.75 ಘಾತವನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಶಕ್ತಿ: 12.4 ಕೆ.ಜಿ.ಗೆ ಸುಮಾರು 460 ಕಿಲೊಕ್ಯಾಲೊರಿ. ಸಂತಾನಹರಣ ಆದ ವಯಸ್ಕ ನಾಯಿಗೆ ಅದರ 1.6 ಪಟ್ಟು, ಅಂದರೆ 740. ಚೀಲದ ಮೇಲೆ 100 ಗ್ರಾಂಗೆ 370 ಅಂತ ಬರೆದಿದ್ದರೆ ದಿನಕ್ಕೆ 200 ಗ್ರಾಂ, ಎರಡು ಹೊತ್ತಿಗೆ. ತರಬೇತಿಯ ತಿಂಡಿ 75 ಕಿಲೊಕ್ಯಾಲೊರಿ ದಾಟದಿರಲಿ, ಅದನ್ನೂ ಈ 740ರಲ್ಲೇ ಕಳೆಯಿರಿ. ಎರಡು ವಾರಕ್ಕೊಮ್ಮೆ ತೂಗಿ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದೆ ಬೆರಳಿಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಈ ಮೈಕಟ್ಟಿನ ನಾಯಿಗೆ ಎರಡು ಕೆ.ಜಿ. ಹೆಚ್ಚಾದರೆ ದೊಡ್ಡ ಹೊರೆ.

ಅಂದಹಾಗೆ ಶಸ್ತ್ರಚಿಕಿತ್ಸೆ ಮಾಡಿಸುವಾಗ ಮೈಯಲ್ಲಿ ಕೊಬ್ಬು ಕಡಿಮೆ ಇರುವ ತಳಿಯ ಮಿಶ್ರ ಇರಬಹುದು ಎಂದು ಅರಿವಳಿಕೆ ಕೊಡುವವರಿಗೆ ತಿಳಿಸಿ. ಥಯೊಪೆಂಟಲ್‌ನಂಥ ಹಳೆಯ ಔಷಧದಿಂದ ಇಂಥ ನಾಯಿ ಎಚ್ಚರಗೊಳ್ಳಲು ಬಹಳ ಹೊತ್ತು ಬೇಕು, ಪ್ರೊಪೊಫಾಲ್ ವಾಸಿ. ಹೆಣ್ಣಾದರೆ ಬೆದೆ ಮುಗಿದು ಮೂರು ತಿಂಗಳಾದ ಮೇಲೆ ಮಾಡಿಸುವುದು ಒಳ್ಳೆಯದು. ನಡುವೆ ಮಾಡಿದರೆ ಸುಳ್ಳು ಬಸಿರಿನ ಲಕ್ಷಣ ಎಳೆದಾಡುತ್ತದೆ.

ನಾಲ್ಕುಕಾಲು
ಸ್ನಾನಕ್ಕೆ ಅವಸರ ಬೇಡ. ಬೆಕ್ಕಿನಂತೆ ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ, ವಾಸನೆ ಕಡಿಮೆ, ನೀರು ಕಂಡರೆ ಆಗದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಗುರು ಮಾತ್ರ ಎರಡು ವಾರಕ್ಕೊಮ್ಮೆ. ಕತ್ತರಿಗಿಂತ ಉಜ್ಜುವ ಯಂತ್ರ ಸಹಿಸಿಕೊಳ್ಳುತ್ತದೆ, ಆದರೆ ಒಂದು ಉಗುರಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬಿಸಿ ತಾಗುತ್ತದೆ.

ಒಂಟಿಯಾಗಿ ಬಿಡುವಾಗ 75 ಸೆಂ.ಮೀ. ಉದ್ದದ ಬೋನು ಸಾಕು. ಮೊದಲ ದಿನವೇ ಕೂಡಿಹಾಕಬೇಡಿ. ಬಾಗಿಲು ತೆರೆದಿಟ್ಟು ಊಟ ಒಳಗೆ, ಆಮೇಲೆ ಒಂದು ನಿಮಿಷ ಮುಚ್ಚಿ, ಹೀಗೆ ಏರಿಸುತ್ತಾ ಹೋಗಿ. ಕಂಬಿ ಕಚ್ಚಿ ಹಲ್ಲು ಮುರಿದುಕೊಳ್ಳುವಷ್ಟು ಗಾಬರಿ ಇದ್ದರೆ ಬೋನು ಬಿಟ್ಟು ಖಾಲಿ ಕೋಣೆ ಕೊಡಿ. ಆ ಕೋಣೆಯಲ್ಲಿ ಕಳಚಬಹುದಾದ ಪರದೆ, ವೈರು, ರಿಮೋಟು ಇರಬಾರದು.

ಕೆಂಚನ_ಕಾವಲು
ಡಿಎನ್‌ಎ ಫಲಿತಾಂಶ ಬಂತು. ಬಸೆಂಜಿ 22 ಶೇಕಡಾ, ರ‍್ಯಾಟ್ ಟೆರಿಯರ್ 31, ಉಳಿದದ್ದು ಚೂರು ಚೂರು. ಫ್ಯಾಂಕೋನಿಗೆ "ವಾಹಕ". ಮೂತ್ರಪಟ್ಟಿ ತಿಂಗಳು ತಿಂಗಳು ಬೇಕಾ?

ತಳಿಗಣಿತ
22 ಶೇಕಡಾ ಅಂದರೆ ಅಜ್ಜ ಅಜ್ಜಿಯರಲ್ಲಿ ಒಬ್ಬರು ಬಸೆಂಜಿ ಇದ್ದಿರಬಹುದು. ವಾಹಕ ಅಂದರೆ ಕೆಟ್ಟ ಪ್ರತಿ ಒಂದೇ, ಈ ಕಾಯಿಲೆ ಅದರಿಂದ ಬರುವುದಿಲ್ಲ. ಮರಿ ಮಾಡಿಸುವುದಿಲ್ಲ ಎಂದಾದರೆ ಆ ಅಧ್ಯಾಯ ಮುಗಿಯಿತು.

ಪ್ರಾಣಿವೈದ್ಯೆ
ತಿಂಗಳು ತಿಂಗಳು ಬೇಡ. ವರ್ಷಕ್ಕೊಮ್ಮೆ ರಕ್ತ, ಮೂತ್ರದ ಸಾಮಾನ್ಯ ತಪಾಸಣೆ ಸಾಕು. ನೀರು ಕುಡಿಯುವುದು ಹೆಚ್ಚಾದರೆ ಅಳೆದು ನೋಡಿ.

ಬೇಲಿಪುರಾಣ
22 ಶೇಕಡಾ ಬಸೆಂಜಿ, 31 ಶೇಕಡಾ ಟೆರಿಯರ್! ಒಂದು ಹತ್ತುತ್ತೆ, ಇನ್ನೊಂದು ತೋಡುತ್ತೆ. ಬೇಲಿಯ ಬುಡದಲ್ಲಿ ಮಲಗಿಸುವ ಜಾಲರಿಯನ್ನು 45 ಬಿಟ್ಟು 60 ಸೆಂ.ಮೀ. ಮಾಡಿ.